ವಖಾರಿಯ ಪೂರ್ವಕ್ಕಿದ್ದ ಮನೆಗಳು

ನಿಪ್ಪಾಣಿಯ ವಖಾರಿ ಗಲ್ಲಿಯ ಇಪ್ಪತ್ತಾರು ಮನೆಗಳ ಬಾಗಿಲಿಗೆ ಫೆಬ್ರವರಿಯ ಮೊದಲ ಸೋಮವಾರ ವಕೀಲರ ನೋಟಿಸು ಅಂಟಿಸಿದರು. ಬೀಡಿ ಕಟ್ಟುವವರ ಹಳೆಯ ಮನೆಗಳು ತಂಬಾಕು ದಾಸ್ತಾನಿಡುವ ವಖಾರಿಯ ಪೂರ್ವಕ್ಕಿದ್ದವು, ಅಲ್ಲಿಯವರು ಆಮೇಲೆ ಪಶ್ಚಿಮದ ಖಾಲಿ ಜಾಗಕ್ಕೆ ಬಂದು ಅತಿಕ್ರಮಿಸಿ ಕೂತಿದ್ದಾರೆ, ಆದ್ದರಿಂದ ಖಾಲಿ ಮಾಡಬೇಕು ಎಂದು ಅದರಲ್ಲಿ ಬರೆದಿತ್ತು. ಪುರಾವೆಗೆಂದು ಒಂದು ಪುಸ್ತಕದ ಪುಟದ ಝೆರಾಕ್ಸ್ ಲಗತ್ತಿಸಿದ್ದರು. ಚಿತ್ರ ಸಂಖ್ಯೆ ನಲವತ್ತೇಳು. ಅದರ ಕೆಳಗಿನ ಅಡಿಬರಹ: 'ತಂಬಾಕು ವಖಾರಿಯ ಪೂರ್ವಕ್ಕಿದ್ದ ಬೀಡಿ ಕಾರ್ಮಿಕರ ಮನೆಗಳು, ೧೯೭೩.'

ಆ ಅಡಿಬರಹ ಬರೆದವಳು ಕಾಂಚನ.

ಅಂಕಲಿಯಿಂದ ನಿಪ್ಪಾಣಿಗೆ ಬಂದು ಬಾಡಿಗೆ ಕೋಣೆಯಲ್ಲಿದ್ದ ಕಾಂಚನಳಿಗೆ 'ಹಳೆಯ ಊರು ಚಿತ್ರಕೋಶ ಸಮಿತಿ'ಯಲ್ಲಿ ಎರಡು ವರ್ಷದ ಕೆಲಸ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಕಡೆಯ ಹಳೆಯ ಫೋಟೋಗಳನ್ನು ಕೂಡಿಸುವುದು, ಯಾವ ಫೋಟೋ ಯಾವ ಜಾಗದ್ದು ಎಂದು ಪತ್ತೆ ಹಚ್ಚುವುದು, ಅಡಿಯಲ್ಲಿ ಬರೆಯುವುದು. ಆ ಕೆಲಸದ ಹುಚ್ಚು ಅವಳಿಗೆ ಹಿಡಿದಿತ್ತು. ಅಥಣಿಯ ಒಂದು ಓಣಿಯ ಚಿತ್ರ ಹಿಡಿದುಕೊಂಡು ಚಪ್ಪಲಿ ಹೊಲಿಯುವವರ ಹದಿನಾಲ್ಕು ಕಟ್ಟೆ ತಿರುಗಿದ್ದಳು. ಸತ್ತಿಯಲ್ಲಿ ನದಿ ದಂಡೆಯ ಒಂದು ಮೆಟ್ಟಿಲಿಗಾಗಿ ಮೂರು ದಿನ ಕೂತಿದ್ದಳು. ಕೇಳದೆ ಬರೆಯಬಾರದು ಎಂದು ತನಗೆ ತಾನೇ ನಿಯಮ ಮಾಡಿಕೊಂಡಿದ್ದಳು.

ನಲವತ್ತೇಳನೆಯ ಚಿತ್ರಕ್ಕೆ ಮಾತ್ರ ಅವಳು ಯಾರನ್ನೂ ಕೇಳಲಿಲ್ಲ.

ಅವತ್ತು ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಅರ್ಧ ದಿನ ಉಳಿದಿತ್ತು. ಮೇಜಿನ ಮುಂದೆ ಕೂತು ಲೆಕ್ಕ ಹಾಕಿದಳು. ಚಿತ್ರದಲ್ಲಿ ಏಳು ಹೆಂಗಸರು ಸಾಲಾಗಿ ಕೂತು ಬೀಡಿ ಕಟ್ಟುತ್ತಿದ್ದಾರೆ. ಅವರ ಹಿಂದೆ ಬಲಕ್ಕೆ ವಖಾರಿಯ ಎತ್ತರದ ಗೋಡೆ, ಗಾಳಿಗೆಂದು ಬಿಟ್ಟ ಮೂರು ದುಂಡು ಕಿಂಡಿ. ಆ ಗೋಡೆ ಇವತ್ತಿಗೂ ನಿಂತಿದೆ. ಎಡಕ್ಕೆ ಹೆಂಚಿನ ಮನೆಗಳ ಸಾಲು. ದೂರದಲ್ಲಿ ತೆಳ್ಳಗೆ ಗುಡ್ಡದ ಗೆರೆ. ಗುಡ್ಡವೆಂದರೆ ತವಂದಿ ಘಾಟು, ಊರಿನ ದಕ್ಷಿಣಕ್ಕೆ. ಹಾಗಾದರೆ ಫೋಟೋ ತೆಗೆದವನು ದಕ್ಷಿಣಕ್ಕೆ ಮುಖ ಮಾಡಿ ರಸ್ತೆಯಲ್ಲಿ ನಿಂತಿದ್ದ. ಎಡಗಡೆ ಎಂದರೆ ಪೂರ್ವ. ಇವತ್ತು ಪೂರ್ವಕ್ಕೆ ಲಾರಿ ನಿಲ್ಲುವ ಬಯಲು ಬಿಟ್ಟರೆ ಏನೂ ಇಲ್ಲ. ಹೋದ ಮನೆಗಳು, ಮರೆತ ಜಾಗ ಎಂದು ಅವಳಿಗೆ ಖುಷಿಯೇ ಆಗಿತ್ತು. ಬರೆದು, ಚಹಾ ಕುಡಿದು, ಬಸ್ಸು ಹಿಡಿದು ಊರಿಗೆ ಹೋಗಿದ್ದಳು.

ಸಮಿತಿಯ ಅಧ್ಯಕ್ಷರು ಬಾಬಾಸಾಹೇಬರು. ಪುಸ್ತಕದ ಖರ್ಚು ಅವರದೇ. ವಖಾರಿಯೂ ಅವರದೇ. ಪಶ್ಚಿಮದ ಆ ಜಾಗ ರಸ್ತೆಗೆ ಹತ್ತಿದ್ದು. ಅಲ್ಲಿ ಮೂರು ಮಾಳಿಗೆಯ ಅಂಗಡಿಸಾಲು ಕಟ್ಟಿಸುವ ನಕ್ಷೆ ಅವರ ಮೇಜಿನ ಗಾಜಿನ ಕೆಳಗಿತ್ತು. ಕಾಂಚನ ಆ ನಕ್ಷೆಯನ್ನು ಎಷ್ಟೋ ಸಲ ನೋಡಿದ್ದಳು. ನೋಡಿಯೂ ಅವಳಿಗೆ ಏನೂ ಹೊಳೆದಿರಲಿಲ್ಲ. ಸಂಬಳ ಕೊಡುವವರ ಮೇಜಿನ ಮೇಲಿನ ಕಾಗದಗಳನ್ನು ಓದದಿರುವುದು ನಮಗೆಲ್ಲ ಬಲು ಬೇಗ ರೂಢಿಯಾಗಿಬಿಡುತ್ತದೆ.

ಗಲ್ಲಿಯವರು ತಕರಾರು ಎತ್ತಿದರು, ಚಿಕ್ಕೋಡಿಯ ಕಂದಾಯ ಕಚೇರಿಯಲ್ಲಿ ಮೊದಲ ವಿಚಾರಣೆ ಆಯಿತು. "ಈ ಅಡಿಬರಹ ಬರೆದವರು ಮುಂದಿನ ತಾರೀಖಿಗೆ ಖುದ್ದು ಬಂದು, ಯಾವ ಆಧಾರದ ಮೇಲೆ ಬರೆದರು ಹೇಳಲಿ," ಎಂದು ಅಲ್ಲಿಯ ಸಾಹೇಬರು ಹೇಳಿದರು. ಮುಂದಿನ ತಾರೀಖು ಶುಕ್ರವಾರ, ಬೆಳಿಗ್ಗೆ ಹನ್ನೊಂದು. ಆ ಮಾತು ಕಾಂಚನಳ ಕಿವಿಗೆ ಬಿದ್ದಾಗ ಮಂಗಳವಾರ ಮಧ್ಯಾಹ್ನವಾಗಿತ್ತು. ನೋಟಿಸಿನ ಸುದ್ದಿ ಅವಳಿಗೆ ತಿಳಿದದ್ದೂ ಆಗಲೇ.

ಕೂತಲ್ಲಿಂದ ಎದ್ದಳು. ಚಿತ್ರದ ದೊಡ್ಡ ಪ್ರಿಂಟನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ವಖಾರಿ ಗಲ್ಲಿಗೆ ನಡೆದಳು. ನಡೆಯುತ್ತ ಒಂದೇ ಲೆಕ್ಕ: ಗುಡ್ಡ ದಕ್ಷಿಣ, ಎಡ ಪೂರ್ವ. ಎಡ ಪೂರ್ವ. ತಪ್ಪಿಲ್ಲ. ತಪ್ಪಿಲ್ಲದಿದ್ದರೆ ಈ ಜನ ಸುಳ್ಳು ಹೇಳುತ್ತಿದ್ದಾರೆ. ತಪ್ಪಿದ್ದರೆ...

ಅದರ ಮುಂದಕ್ಕೆ ಅವಳ ಲೆಕ್ಕ ಹೋಗಲಿಲ್ಲ.

ಗಂಗೂಬಾಯಿಯ ಮನೆ ಸಾಲಿನಲ್ಲಿ ನಾಲ್ಕನೆಯದು. ಎಪ್ಪತ್ತು ದಾಟಿದ ಮುದುಕಿ, ಹೊಸ್ತಿಲ ಹೊರಗೆ ಮೊರ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಸೊಸೆ ರೂಪಾಲಿ ಬೀಡಿ ಎಲೆ ಕತ್ತರಿಸುತ್ತಿದ್ದಳು. ಕಾಂಚನಳನ್ನು ಕಂಡದ್ದೇ ರೂಪಾಲಿ ಕತ್ತರಿ ಕೆಳಗಿಟ್ಟಳು.

"ಬರ್ರಿ ಬರ್ರಿ, ಪುಸ್ತಕದ ಬಾಯಾರು ಬಂದ್ರು. ಪೂರ್ವ ಯಾವುದು, ಪಶ್ಚಿಮ ಯಾವುದು ಅಂತ ಕಲಿಸಾಕ ಬಂದ್ರೇನ್ರಿ ನಮಗ?"

"ಕೇಳಾಕ ಬಂದೇನ್ರಿ."

"ಈಗ? ಮನಿ ಮುರಿಯೂ ಮುಂದ? ಬರಿಯೂ ಮುಂದ ಯಾಕ ಬರಲಿಲ್ಲ? ನಿಮ್ಮ ಆಫೀಸಿಂದ ಇಲ್ಲಿಗೆ ಮಾರುದ್ದ ಐತಿ. ಸತ್ತಿಗೆ ಹೋಗಿ ಹೊಳಿ ದಂಡಿಮ್ಯಾಲ ಮೂರ ದಿನ ಕುಂತಿದ್ರಂತ. ಪೇಪರ್‌ನ್ಯಾಗ ಬಂದಿತ್ತು. ನಮ್ಮ ಕಟ್ಟಿಮ್ಯಾಲ ಒಂದ ತಾಸ ಕುಂತಿದ್ರ ಮುಳ್ಳ ಚುಚ್ಚತಿದ್ವೇನು?"

ಕಾಂಚನ ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತಳು.

"ಸುಮ್ಕಿರ ಬೇ ರೂಪಾಲಿ," ಗಂಗೂಬಾಯಿ ತಲೆ ಎತ್ತದೆ ಹೇಳಿದಳು. "ಬಂದಾಕಿಗೆ ಮದ್ಲ ನೀರ ಕೊಡು."

"ಕೊಡ್ತೀನ್ರಿ ಅತ್ತಿ. ಯಾವ ದಿಕ್ಕಿಗೆ ನಿಂತ ಕೊಡ್ಲಿ, ಕೇಳ್ರಿ ಅವರನ್ನ."

ನೀರು ಬಂತು. ಕಾಂಚನ ಸುರುಳಿ ಬಿಚ್ಚಿ ನೆಲದ ಮೇಲೆ ಹಾಸಿದಳು. ತುದಿಗಳು ಮತ್ತೆ ಸುತ್ತಿಕೊಳ್ಳದಂತೆ ರೂಪಾಲಿ ಒಂದು ಕಡೆ ಕತ್ತರಿ ಇಟ್ಟಳು, ಇನ್ನೊಂದು ಕಡೆ ಕಾಲು. ಅಕ್ಕಪಕ್ಕದ ಮನೆಯ ಹೆಂಗಸರು ಎದ್ದು ಬಂದು ಬಗ್ಗಿದರು. ಅವರು ಇದುವರೆಗೆ ನೋಡಿದ್ದು ನೋಟಿಸಿನ ಝೆರಾಕ್ಸ್ ಮಾತ್ರ. ಅದರಲ್ಲಿ ಮುಖಗಳೆಲ್ಲ ಇದ್ದಲಿನ ತುಂಡಿನಂತೆ ಕಪ್ಪಾಗಿದ್ದವು. ಐವತ್ತು ವರ್ಷಗಳ ಹಿಂದೆ ತೆಗೆದ ತಮ್ಮ ಫೋಟೋವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ವಖಾರಿಯ ಅಂದಿನ ಮಾಲಕರು ತಮ್ಮ ಕ್ಯಾಲೆಂಡರಿಗೆಂದು ತೆಗೆಸಿದ್ದು ಅದು. ಕ್ಯಾಲೆಂಡರಿನಲ್ಲಿ ಕೊನೆಗೆ ಯಾವುದೋ ದೇವರ ಚಿತ್ರ ಬಂದಿತ್ತಂತೆ.

ಗಂಗೂಬಾಯಿ ಸೆರಗಿನಿಂದ ಕೈಯ ತಂಬಾಕಿನ ಪುಡಿ ಒರೆಸಿಕೊಂಡಳು, ಚಾಳೀಸು ಮೂಗಿಗೆ ಏರಿಸಿದಳು. ಬೆರಳು ಒಂದೊಂದೇ ಮುಖದ ಮೇಲೆ ನಿಂತು ಮುಂದೆ ಹೋಯಿತು.

"ಇಕಿ ನಾನು. ನೋಡ ಎಷ್ಟ ಸಣ್ಣಾಕಿ ಇದ್ದೆ. ಲಗ್ನಾಗಿ ವರ್ಷ ಆಗಿರಲಿಲ್ಲ. ಇಕಿ ನಮ್ಮ ನೆಗೆಣ್ಣಿ. ತುದಿಗೆ ಕುಂತಾಕಿ ಶಿವಗಂಗವ್ವ, ಹೋದಾಕಿ ಹೋಗೇಬಿಟ್ಲು..."

ಬೆರಳು ನಿಂತಿತು. ಮುದುಕಿ ಹುಬ್ಬು ಗಂಟಿಕ್ಕಿದಳು. ಮತ್ತೆ ಮೊದಲಿನ ಮುಖದಿಂದ ಶುರುಮಾಡಿ ಕೊನೆಯವರೆಗೆ ಹೋದಳು.

"ಇವರು ನಾವಲ್ಲ," ಅಂದಳು.

ಕಾಂಚನ ಮುದುಕಿಯ ಮುಖ ನೋಡಿದಳು. ಇದ್ದ ಒಂದು ಎಳೆಯೂ ಹರಿದುಹೋಯಿತು ಎನ್ನಿಸಿತು. "ಅಂದ್ರ, ಮಾವಶಿ? ಈಗ ಹೇಳಿದ್ರಲ್ಲ, ನೀವ ಅಂತ."

"ಮಾರಿ ನಮ್ದ. ಕೈ ನಮ್ದಲ್ಲ. ನೋಡ ಇಲ್ಲಿ, ಕತ್ತರಿ ಯಾವ ಕೈಯಾಗ ಹಿಡದೇವಿ? ಎಡಗೈಯಾಗ! ಇಕಿನೂ ಎಡಗೈ, ಇಕಿನೂ ಎಡಗೈ. ಊರ ಮಂದೆಲ್ಲ ಎಡಚ್ಯಾರೇನು?" ಅವಳಿಗೆ ನಗು ಬಂತು. ನಕ್ಕು ಕೆಮ್ಮಿದಳು. "ನಮ್ಮ ಸಾಲಿನ್ಯಾಗ ಎಡಚಿ ಅಂತ ಇದ್ದಾಕಿ ಒಬ್ಬಾಕಿನ. ಶಿವಗಂಗವ್ವ. ಕೆಲಸ ನೋಡೂ ಮುಕಾದಮ ದಿನಾ ಬೈತಿದ್ದ ಆಕಿಗೆ, ಎಡಗೈಲೆ ಕಟ್ಟಿದ ಬೀಡಿ ಯಾರ ಸೇದ್ತಾರ ಅಂತ. ಸೇದಿದವರಿಗೇನ ಗೊತ್ತಾಕ್ಕೈತೇನ್ಲೇ ಅಂತಿದ್ಲು ಆಕಿ. ಈಗ ನೋಡ್ರಿ, ಇದರಾಗ ಆಕಿ ಒಬ್ಬಾಕಿನ ಬಲಗೈಯಾಕಿ ಆಗ್ಯಾಳ!"

ಎಲ್ಲರೂ ಬಗ್ಗಿದರು. ಹೌದು. ಏಳು ಜನರಲ್ಲಿ ಆರು ಜನರ ಕತ್ತರಿ ಎಡಗೈಯಲ್ಲಿ, ತುದಿಯವಳದು ಬಲಗೈಯಲ್ಲಿ.

ಕಾಂಚನ ಈ ಚಿತ್ರವನ್ನು ನೂರು ಸಲ ನೋಡಿದ್ದಳು. ಗೋಡೆ ನೋಡಿದ್ದಳು, ಕಿಂಡಿ ಎಣಿಸಿದ್ದಳು, ಗುಡ್ಡದ ಗೆರೆಗೆ ಭೂತಗನ್ನಡಿ ಹಿಡಿದಿದ್ದಳು. ಚಿತ್ರದ ನಟ್ಟನಡುವೆ ಕೂತು ಕೆಲಸ ಮಾಡುತ್ತಿದ್ದ ಕೈಗಳನ್ನು ನೋಡಿರಲಿಲ್ಲ.

"ಸೆಲ್ಫಿ ತಗದಾಗ ಅಂಗಿಮ್ಯಾಲಿನ ಅಕ್ಷರ ತಿರುವುಮುರುವು ಬರ್ತಾವಲ್ಲ," ರೂಪಾಲಿ ನಿಧಾನಕ್ಕೆ ಹೇಳಿದಳು. ಅವಳ ದನಿಯಲ್ಲಿ ಈಗ ಕುಟುಕು ಇರಲಿಲ್ಲ. "ಹಂಗ ಆಗೇತೇನಿದು?"

ರೂಪಾಲಿಯೇ ಪ್ರಿಂಟು ಎತ್ತಿಕೊಂಡು ರಸ್ತೆಗೆ ಓಡಿದಳು. ಹಿಂದೆ ಎಲ್ಲರೂ. ರಸ್ತೆಯಲ್ಲಿ ನಿಂತು, ದಕ್ಷಿಣಕ್ಕೆ, ವಖಾರಿಗೆ ಮುಖ ಮಾಡಿ, ಹಾಳೆಯನ್ನು ಹಿಂದುಮುಂದು ತಿರುಗಿಸಿ ಬಿಸಿಲಿಗೆ ಹಿಡಿದಳು. ಹಾಳೆಯ ಬೆನ್ನಿನಿಂದ ಚಿತ್ರ ಮಸುಕಾಗಿ ತೂರಿ ಕಂಡಿತು. ಗೋಡೆಯ ಮೂರು ಕಿಂಡಿ ಎಡಕ್ಕೆ ಬಂದವು, ಹಾಳೆಯ ಮೇಲೊಮ್ಮೆ, ಹಾಳೆಯ ಆಚೆ ನಿಜವಾದ ಗೋಡೆಯ ಮೇಲೊಮ್ಮೆ. ಮನೆಗಳ ಸಾಲು ಬಲಕ್ಕೆ ಬಂತು. ಬಲಕ್ಕೆ, ಪಶ್ಚಿಮಕ್ಕೆ, ಗಂಗೂಬಾಯಿಯ ಮೊರ ಈಗಲೂ ಬಿದ್ದಿದ್ದ ಅದೇ ಹೊಸ್ತಿಲಿಗೆ.

ಯಾರೋ ಒಬ್ಬಳು ಅಳತೊಡಗಿದಳು. ಕಾಂಚನಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇದು ಬರೀ ಕೈಗಳ ಮಾತು. ಚಿಕ್ಕೋಡಿಯ ಕಚೇರಿಯಲ್ಲಿ ಬೀಡಿ ಕಟ್ಟುವ ಕೈಯ ಸಾಕ್ಷಿಯನ್ನು ಯಾರು ಬರೆದುಕೊಳ್ಳುತ್ತಾರೆ? ಇದೇ ಹೆಂಗಸರು ಮೊದಲ ದಿನವೇ "ನಮ್ಮ ಮನಿ ಇಲ್ಲೇ ಇದ್ದೂವು" ಎಂದು ಹೇಳಿದ್ದರು. ಅವರ ಬಾಯಿಮಾತಿಗಿಂತ ಅವಳ ಒಂದು ಸಾಲಿನ ಅಡಿಬರಹ ತೂಕದ್ದೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಅಚ್ಚಾದದ್ದನ್ನು ಸುಳ್ಳೆನ್ನಲು ಇನ್ನೊಂದು ಅಂಥದೇ ವಸ್ತು ಬೇಕು. ಮೂಲ ನೆಗೆಟಿವ್ ಬೇಕು.

ನೆಗೆಟಿವ್ ಇದ್ದದ್ದು ಶ್ರೀಪಾಲನ ಹತ್ತಿರ.

ಶ್ರೀಪಾಲನ ತಂದೆ ಆ ಕಾಲದ ಫೋಟೋಗ್ರಾಫರು. ಅವರ ಸ್ಟುಡಿಯೋವನ್ನು ಈಗ ಅರವತ್ತರ ಹತ್ತಿರ ಬಂದಿದ್ದ ಶ್ರೀಪಾಲ ನಡೆಸುತ್ತಿದ್ದ. ಮಾಳಿಗೆಯ ಮೇಲಿನ ಎರಡು ಕೋಣೆ, ಕಟ್ಟಡ ಬಾಬಾಸಾಹೇಬರದು. ಮೆತ್ತಗಿನ ಮನುಷ್ಯ. ಬುಧವಾರ ಬೆಳಿಗ್ಗೆ ಕಾಂಚನ ಹೋದಾಗ ಬಿಸ್ಕೀಟಿನ ಹಳೆಯ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದ. ಡಬ್ಬಿ ತೆರೆದರೆ ನುಸಿಗುಳಿಗೆಯ ವಾಸನೆ. ನಲವತ್ತೇಳನೆಯದರ ನೆಗೆಟಿವ್ ಬೆಣ್ಣೆಕಾಗದದ ಲಕೋಟೆಯಲ್ಲಿತ್ತು. ಮೇಲೆ ಅವನ ತಂದೆಯ ಮಸಿ ಅಕ್ಷರ: ವಖಾರಿ, ರಸ್ತೆಯಿಂದ.

ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಫಿಲ್ಮಿನ ಅಂಚಿನಲ್ಲಿ ಕಂಪನಿಯವರೇ ಹಾಕಿದ ಸಣ್ಣ ಅಂಕಿ ಇತ್ತು. ಏಳು. ಅಂಕಿ ನೆಟ್ಟಗೆ ಓದಲು ಬರುವಂತೆ ಹಿಡಿದಾಗ ಮನೆಗಳು ಬಲಕ್ಕೆ ಬಂದವು. ಮನೆಗಳು ಎಡಕ್ಕೆ ಬರುವಂತೆ ಹಿಡಿದಾಗ ಅಂಕಿ ತಿರುವುಮುರುವಾಯಿತು.

ಶ್ರೀಪಾಲ ಎರಡೂ ಬಗೆಯಲ್ಲಿ ನಾಲ್ಕು ಸಲ ಹಿಡಿದು ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕುಸಿದ.

"ನನ್ನ ಕೈನ ಮಾಡೇತಿದು," ಅಂದ.

"ಹೆಂಗ್ರಿ ಕಾಕಾ?"

"ಕತ್ತಲಿ ಕೋಣ್ಯಾಗ ಪ್ರಿಂಟ ತಗಿಯೂ ಮಷೀನಿಗೆ ಫಿಲ್ಮ್ ಹಾಕೂ ಮುಂದ ಹೊಳಪಿಲ್ಲದ ಮಗ್ಗಲಾ ಕೆಳಗ ಮಾಡಬೇಕು. ಅಪ್ಪಾ ಕೈಮ್ಯಾಲ ಹೊಡದ ಹೊಡದ ಕಲಿಸ್ಯಾನ. ಮೂವತ್ತ ವರ್ಷ ಅದನ್ನ ಮಾಡೇನಿ. ನಿದ್ದ್ಯಾಗ ಎಬ್ಬಿಸಿ ಕೊಟ್ರೂ ಹೊಳಪಿಲ್ಲದ್ದು ಕೆಳಗ. ಆದ್ರ ಈ ನಿಮ್ಮ ಸಮಿತಿ ತಂದ ಕೊಟ್ಟ ಸ್ಕ್ಯಾನರಿಗೆ ಅದು ಮ್ಯಾಲ ಬರಬೇಕು. ಕೈಗೇನ ಗೊತ್ತವ್ವಾ? ಕೈ ತನಗ ರೂಢಿ ಇದ್ದಂಗ ಇಟ್ಟೈತಿ."

"ಹಂಗಾರ ಉಳದ ಚಿತ್ರಾ?"

"ಬೋರ್ಡ್ ಇದ್ದೂವು ಕಣ್ಣಿಗೆ ಬಿದ್ದೂವು. ಅಂಗಡಿ ಹೆಸರು, ಸಾಲಿ ಹೆಸರು, ಮಾಲಕರ ಬಂಗಲೆ ಹೆಸರು, ಎಲ್ಲಾ ಉಲ್ಟಾ ಕಂಡೂವು. ಏನೋ ಕಂಪ್ಯೂಟರ್‌ದ ಆಟ ಅಂತ ತಿರುಗಿಸಿ ಸರಿ ಮಾಡಿದೆ. ಬೋರ್ಡ್ ಇಲ್ಲದ್ದು ಇದೊಂದ. ಇವರ ಗ್ವಾಡಿಮ್ಯಾಲ ಏನೂ ಬರದಿರಲಿಲ್ಲ ನೋಡು. ಹಂಗ ಉಳೀತು."

ಹೆಸರು ಬರೆಸಿಕೊಂಡ ಗೋಡೆಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. ಹೆಸರಿಲ್ಲದ ಇಪ್ಪತ್ತಾರು ಬಾಗಿಲು ವಖಾರಿಯ ಇನ್ನೊಂದು ಮಗ್ಗಲಿಗೆ ಹೋಗಿ ಬಿದ್ದಿದ್ದವು, ಅಲ್ಲಿಂದ ಒಂದು ನೋಟಿಸಿನೊಳಕ್ಕೆ. ಇದರಲ್ಲಿ ಯಾರ ಕೇಡೂ ಇರಲಿಲ್ಲ, ಇಷ್ಟರತನಕ. ಒಬ್ಬನ ಕೈರೂಢಿ, ಒಬ್ಬಳ ಅವಸರ. ಕೇಡು ಇದ್ದದ್ದು ಇವೆರಡನ್ನೂ ಎತ್ತಿಕೊಂಡು ವಕೀಲರ ಮನೆಗೆ ನಡೆದ ಬುದ್ಧಿಯಲ್ಲಿ.

"ಕಾಕಾ, ಇದನ್ನ ಶುಕ್ರವಾರ ಚಿಕ್ಕೋಡಿಗೆ ಒಯ್ಬೇಕ್ರಿ. ನೀವೂ ಬರ್ಬೇಕು."

ಶ್ರೀಪಾಲ ಕಿಟಕಿಯಿಂದ ಕೆಳಗೆ ನೋಡಿದ. ಬಾಬಾಸಾಹೇಬರ ಕಾರು ನಿಲ್ಲುವ ಜಾಗ ಖಾಲಿ ಇತ್ತು. ಆದರೂ ದನಿ ತಗ್ಗಿಸಿದ. "ನೆಗೆಟಿವ್ ಒಯ್ಯವ್ವಾ. ನನ್ನ ಕರೀಬ್ಯಾಡ. ಈ ಮಾಳಿಗಿ ಅವರದು. ಐವತ್ತ ವರ್ಷದ ಡಬ್ಬಿ ಇಲ್ಲೇ ಅದಾವ. ನನ್ನ ಹೊರಗ ಹಾಕಿದ್ರ ಇವನ್ನೆಲ್ಲಾ ಹೊತ್ಕೊಂಡ ನಾ ಎಲ್ಲಿಗೆ ಹೋಗ್ಲಿ?"

"ನೋಟಿಸ್ ಬಂದವರೂ ಎಲ್ಲಿಗೆ ಹೋಗೂದು ಅಂತನ ಕೇಳಾಕತ್ತಾರ್ರಿ ಕಾಕಾ."

ಶ್ರೀಪಾಲ ಡಬ್ಬಿ ಮುಚ್ಚಿದ. ಲಕೋಟೆಯನ್ನು ಎರಡು ರಟ್ಟುಗಳ ನಡುವೆ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ ಅವಳ ಕೈಗೆ ಕೊಟ್ಟ.

ಗುರುವಾರವಿಡೀ ಕಾಂಚನ ಆ ರಟ್ಟನ್ನು ಮೈಬಿಟ್ಟು ಇಡಲಿಲ್ಲ. ಕೋಣೆಯಲ್ಲಿಟ್ಟರೆ ಯಾರಾದರೂ ಬಂದಾರು, ಬ್ಯಾಗಿನಲ್ಲಿಟ್ಟರೆ ಮಡಚೀತು. ಊಟಕ್ಕೆ ಕೂತರೂ ತೊಡೆಯ ಮೇಲೆ ರಟ್ಟು. ಫೋನು ಗುಂಯ್ಗುಟ್ಟಿದಾಗಲೆಲ್ಲ ಒಂದು ಕೈ ರಟ್ಟಿನ ಮೇಲೆ ಹೋಗುತ್ತಿತ್ತು. ಒಂದು ಸಲ ರೂಪಾಲಿಯದು: "ಒಂಬತ್ತರ ಬಸ್ಸಿಗೆ ಹೊಂಟೇವ್ರಿ. ಸ್ಟ್ಯಾಂಡಿನ್ಯಾಗ ನಿಂತಿರ್ತೀವಿ. ತಪ್ಪಸಬ್ಯಾಡ್ರಿ ಬಾಯಾರ. ಅತ್ತಿ ನಿಮ್ಮ ಸಲುವಾಗಿ ದಪಾಟಿ ರೊಟ್ಟಿ ತಟ್ಟಾಕತ್ತಾರ." ಇನ್ನೊಂದು ಸಲ ಊರಿಂದ ಅಣ್ಣ: ಬಾಬಾಸಾಹೇಬರ ಕಾಲೇಜಿನ ಗ್ರಂಥಾಲಯದಲ್ಲಿ ಕಾಯಂ ಜಾಗಕ್ಕೆ ಅವಳ ಹೆಸರು ಹೋಗಿದೆಯಂತೆ, ಯಾರೋ ಫೋನು ಮಾಡಿ ತಿಳಿಸಿದರಂತೆ, ಮನೆಯಲ್ಲಿ ಎಲ್ಲರಿಗೂ ಬಲು ಸಂತೋಷ. ಯಾರು ಫೋನು ಮಾಡಿದ್ದು ಎಂದು ಕೇಳಿದರೆ ಅಣ್ಣನಿಗೆ ಗೊತ್ತಿರಲಿಲ್ಲ. ಸಂಜೆಗೆ ಬಾಬಾಸಾಹೇಬರೇ ಮಾಡಿದರು. "ನಾಳೆ ಮುಂಜಾನೆ ಎಂಟಕ್ಕ ಆಫೀಸಿಗೆ ಬಂದು ಹೋಗ ತಂಗಿ. ಐದ ಮಿನಿಟಿನ ಕೆಲಸ."

ಎಂಟಕ್ಕೆ ಹೋದಳು. ಬಾಬಾಸಾಹೇಬರು ಎಂಟೂವರೆಗೆ ಬಂದರು.

ಆ ಅರ್ಧ ತಾಸು ಕಾಂಚನ ಎದುರಿನ ಗೋಡೆಯ ಗಡಿಯಾರ ನೋಡುತ್ತ ಕೂತಿದ್ದಳು. ಬಸ್‌ಸ್ಟ್ಯಾಂಡಿಗೆ ನಡೆದರೆ ಹನ್ನೆರಡು ನಿಮಿಷ, ರಿಕ್ಷಾ ಸಿಕ್ಕರೆ ಐದು. ಬಾಬಾಸಾಹೇಬರ ಹಿಂದೆಯೇ ಶ್ರೀಪಾಲ ಬಂದ. ಅವಳ ಮುಖ ನೋಡಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳನ್ನು ಮೊಣಕಾಲುಗಳ ನಡುವೆ ಹುದುಗಿಸಿಕೊಂಡ.

ಅವಲಕ್ಕಿ ಬಂತು, ಚಹಾ ಬಂತು. ಬಾಬಾಸಾಹೇಬರು ಯಾವತ್ತೂ ದನಿ ಏರಿಸಿದವರಲ್ಲ.

"ತಿನ್ನ ತಂಗಿ. ಹಸಕೊಂಡ ಹೋಗಬಾರ್ದು ಕೆಲಸಕ್ಕ."

"ಬಸ್ಸೈತ್ರಿ ಸಾವ್ಕಾರ್ರ, ಒಂಬತ್ತಕ್ಕ."

"ಬಸ್ಸ್ ಯಾಕ? ನಮ್ಮ ಗಾಡಿ ಐತಲ್ಲ." ಒಂದು ಟೈಪಾದ ಹಾಳೆಯನ್ನು ಅವಳ ಮುಂದೆ ಸರಿಸಿದರು. ಅದರ ಮೇಲೆ ಪೆನ್ನು ಇಟ್ಟರು. "ಓದು."

ಎರಡೇ ಸಾಲು. 'ಚಿತ್ರ ಸಂಖ್ಯೆ ನಲವತ್ತೇಳರ ಜಾಗವನ್ನು ಗುರುತಿಸಲು ಸಾಧ್ಯವಾಗಿಲ್ಲ. ಪುಸ್ತಕದಲ್ಲಿರುವ ಅಡಿಬರಹವನ್ನು ನಾನು ಊಹೆಯಿಂದ ಬರೆದಿರುತ್ತೇನೆ.' ಕೆಳಗೆ ಅವಳ ಹೆಸರು. ಅದರ ಪಕ್ಕದಲ್ಲಿ ಇನ್ನೊಂದು ಹಾಳೆ, ಅದಕ್ಕೆ ಆಗಲೇ ಸಹಿಯಾಗಿತ್ತು: 'ಸದರಿ ಚಿತ್ರದ ನೆಗೆಟಿವ್ ಹಾಳಾಗಿದ್ದು, ಅದರಿಂದ ಏನೂ ಹೇಳಲಾಗುವುದಿಲ್ಲ.' ಸಹಿ ಶ್ರೀಪಾಲನದು.

ಕಾಂಚನ ಮೂಲೆಯ ಕಡೆ ನೋಡಿದಳು. ಅವನು ತನ್ನ ಮೊಣಕಾಲುಗಳನ್ನೇ ನೋಡುತ್ತಿದ್ದ.

"ನೋಡ ತಂಗಿ, ನಾ ಸುಳ್ಳ ಬರಿ ಅಂದ್ನೇನು?" ಬಾಬಾಸಾಹೇಬರು ಚಹಾ ಬಸಿಗೆ ಸುರಿದುಕೊಂಡರು. "ಪೂರ್ವಕ್ಕ ಇದ್ದೂವು ಅಂತ ಬರಿ ಅಂದ್ನೇನು? ಗೊತ್ತಿಲ್ಲ ಅಂತ ಬರಿ. ಚಿತ್ರಾ ನಾನ ವಾಪಸ್ ತಗೊಂತೀನಿ. ಅವರ ಮ್ಯಾಲಿನ ಪುರಾವಾ ಹೋತು. ನಿನ್ನ ತಪ್ಪೂ ಹೋತು. ಪೇಪರಿನವರು ನಿನ್ನ ಹೆಸರ ಬರಿಯೂದಿಲ್ಲ, ಓದಿದ ಹುಡಿಗಿ ಎಡ-ಬಲ ತಿಳೀದಾಕಿ ಅಂತ. ಕಾಲೇಜಿನ ಜಾಗಾಕ್ಕ ನಾಳೆ ಯಾರರ ಕೇಳಿದ್ರ ನಾ ಏನ ಹೇಳ್ಲಿ?"

ಅವಳ ಕಣ್ಣು ಪೆನ್ನಿನ ಮೇಲೆ ನಿಂತಿತು. ಅದರಲ್ಲಿ ಸುಳ್ಳಿದ್ದಂತೆ ಕಾಣುತ್ತಿರಲಿಲ್ಲ, ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಎಷ್ಟು ಹಗುರ! ಗೊತ್ತಿಲ್ಲ. ಎರಡು ವರ್ಷದಲ್ಲಿ ಹನ್ನೊಂದು ಚಿತ್ರಗಳ ಕೆಳಗೆ 'ಜಾಗ ತಿಳಿದುಬಂದಿಲ್ಲ' ಎಂದು ಅವಳೇ ಬರೆದಿದ್ದಳು, ಯಾರ ಮನೆಯೂ ಬಿದ್ದಿರಲಿಲ್ಲ. ಇದು ಹನ್ನೆರಡನೆಯದಾದರೆ? ಹೌದು, ಬಾಬಾಸಾಹೇಬರ ಪುರಾವೆ ಹೋಗುತ್ತದೆ. ಜೊತೆಗೆ ಗಂಗೂಬಾಯಿಯ ಪುರಾವೆಯೂ ಹೋಗುತ್ತದೆ. ಗಲ್ಲಿಯವರ ಹತ್ತಿರ ಇರುವ ಅತಿ ಹಳೆಯ ಕಾಗದವೆಂದರೆ ತೊಂಬತ್ತನಾಲ್ಕರ ನಳದ ರಸೀದಿ. ಅದಕ್ಕೂ ಇಪ್ಪತ್ತೊಂದು ವರ್ಷ ಹಿಂದೆ ಅವರು ಅಲ್ಲೇ ಕೂತಿದ್ದರು ಎಂದು ಹೇಳುವ ವಸ್ತು ಈ ಭೂಮಿಯ ಮೇಲೆ ಒಂದೇ ಒಂದು. ಅದು ಅವಳ ತೊಡೆಯ ಮೇಲೆ, ಎರಡು ರಟ್ಟುಗಳ ನಡುವೆ ಇತ್ತು. ಬಾಬಾಸಾಹೇಬರು ಪೆನ್ನಿನ ಹಿಂದೆ ಕೇಳುತ್ತಿದ್ದದ್ದು ಅದನ್ನೇ.

"ಗೊತ್ತೈತ್ರಿ ಸಾವ್ಕಾರ್ರ," ಅಂದಳು.

"ಏನ ಗೊತ್ತೈತಿ?"

"ಜಾಗಾ ಗೊತ್ತೈತ್ರಿ. ಪಶ್ಚಿಮಕ್ಕ."

"ಯಾರ ಹೇಳಿದ್ರು? ಬೀಡಿ ಕಟ್ಟೂ ಮುದುಕಿ? ಆಕಿ ತನ್ನ ಮನೀ ಸಲುವಾಗಿ ಪಶ್ಚಿಮಕ್ಕ ಸೂರ್ಯಾ ಹುಟ್ಟತಾನ ಅಂತಾಳ."

"ಫಿಲ್ಮಿನ ಅಂಚಿಗೆ ಅಂಕಿ ಐತ್ರಿ. ಶ್ರೀಪಾಲ ಕಾಕಾನ ತೋರ್ಸ್ಯಾರ."

"ಶ್ರೀಪಾಲ?" ಬಾಬಾಸಾಹೇಬರು ತಿರುಗದೆಯೇ ಕೇಳಿದರು. "ತೋರಿಸೀಯೇನು?"

ಮೂಲೆಯಿಂದ ಹೌದು ಎಂದೂ ಬರಲಿಲ್ಲ, ಇಲ್ಲ ಎಂದೂ ಬರಲಿಲ್ಲ.

ಎಂಟು ನಲವತ್ತಾರು. ಬ್ಯಾಗಿನಲ್ಲಿ ಫೋನು ಗುಂಯ್ಗುಟ್ಟಿತು. ರೂಪಾಲಿಯದೇ ಇರಬೇಕು. ಸ್ಟ್ಯಾಂಡಿನಲ್ಲಿ ಇಪ್ಪತ್ತು ಹೆಂಗಸರು ಬುತ್ತಿ ಕಟ್ಟಿಕೊಂಡು ನಿಂತಿದ್ದಾರೆ. ಒಂದು ದಿನದ ಬೀಡಿ ಬಿಟ್ಟು ಬಂದಿದ್ದಾರೆ. ಬಸ್ಸಿನ ಬಾಗಿಲಿಗೆ ಒಬ್ಬಳು ಕಾಲು ಕೊಟ್ಟು ನಿಂತಿದ್ದಾಳೆ, ಕಂಡಕ್ಟರು ಬೈಯುತ್ತಿದ್ದಾನೆ. ಇವೆಲ್ಲ ಅವಳಿಗೆ ಕಣ್ಣೆದುರು ಕಂಡವು. ಮಂಗಳವಾರದಿಂದ ಹಿಡಿದಿದ್ದ ಹೆದರಿಕೆ ನಿಂತಿರಲಿಲ್ಲ. ನಿಲ್ಲುವುದೂ ಇಲ್ಲ ಎಂದು ಅವಳಿಗೆ ಆಗ ತಿಳಿಯಿತು. ಸಹಿ ಮಾಡಿದರೂ ನಿಲ್ಲುವುದಿಲ್ಲ, ಮಾಡದಿದ್ದರೂ ನಿಲ್ಲುವುದಿಲ್ಲ.

ಅವಲಕ್ಕಿಯ ತಟ್ಟೆ ಮುಟ್ಟದೆ ಹಾಗೇ ಇತ್ತು. ಬಾಬಾಸಾಹೇಬರು ಅದನ್ನು ಪಕ್ಕಕ್ಕೆ ಸರಿಸಿದರು. ತಟ್ಟೆ ಇದ್ದ ಜಾಗದಲ್ಲಿ, ಗಾಜಿನ ಕೆಳಗೆ, ಅಂಗಡಿಸಾಲಿನ ನಕ್ಷೆ ಕಂಡಿತು. ಮೂಲೆಯಲ್ಲಿ ದಿಕ್ಕು ತೋರಿಸುವ ಬಾಣ. ನಕ್ಷೆ ಮಾಡಿದವನು ದಿಕ್ಕನ್ನು ಸರಿಯಾಗಿಯೇ ಗುರುತಿಸಿದ್ದ.

"ಹಟ ಸಾಕ ತಂಗಿ," ಬಾಬಾಸಾಹೇಬರು ಪೆನ್ನಿನ ಟೋಪಿ ತೆಗೆದು, ಹಿಡಿಯುವ ತುದಿಯನ್ನು ಅವಳ ಕಡೆ ಮಾಡಿ ಚಾಚಿದರು. "ಸಹಿ ಹಾಕು. ಆ ರಟ್ಟ ಇಲ್ಲಿ ಮೇಜಿನ ಮ್ಯಾಲ ಇಡು. ಅದು ಸಮಿತಿ ಸಾಮಾನು, ಕಪಾಟಿನ್ಯಾಗ ಇರ್ಲಿ. ಆಮ್ಯಾಲ ಎಲ್ಲಿಗೆ ಬೇಕ ಅಲ್ಲಿಗೆ ಹೋಗು."

ಕಾಂಚನ ಎದ್ದು ನಿಂತಳು. ರಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡದ್ದರಿಂದ ಪೆನ್ನು ಹಿಡಿಯಲು ಅವಳಿಗೆ ಕೈಯೇ ಉಳಿದಿರಲಿಲ್ಲ.

"ಇಡಂಗಿಲ್ರಿ," ಅಂದಳು. "ಸಹೀನೂ ಹಾಕಂಗಿಲ್ಲ."